ಮಗುವಿನ ಹೊಟ್ಟೆ ಮೇಲಿನ ಬ್ಯಾಗ್ ನೋಡಿಕೊಳ್ಳುವುದು ಹೀಗೆ

ನನ್ನ ಮಗ ಹುಟ್ಟಿ ಎರಡು ದಿನವಾದರೂ ಆ ಮೊದಲ ಕಪ್ಪು ಮಲ ಹೋಗಲಿಲ್ಲ. ಹೊಟ್ಟೆ ತಮಟೆ ಥರ ಬಿಗಿದುಕೊಂಡಿತ್ತು. ಆಮೇಲೆ ಹಸಿರು ವಾಂತಿ. 'ಗ್ಯಾಸ್ ಇರಬೇಕು' ಅಂದವರ ಮಾತು ನಂಬಿ ಒಂದು ರಾತ್ರಿ ಸುಮ್ನೆ ಕಳೆದೆವು. ನೀವು ಹಾಗೆ ಮಾಡಬೇಡಿ. ಕೂಸು ಹಸಿರು ವಾಂತಿ ಮಾಡಿತು ಅಂದರೆ ಬೆಳಗಾಗುವವರೆಗೂ ಕಾಯಬಾರದು.

ಸಕಲೇಶಪುರದಿಂದ ಹಾಸನ, ಅಲ್ಲಿಂದ ಬೆಂಗಳೂರು. ಬಯಾಪ್ಸಿ ಮಾಡಿ, ಅಂದರೆ ಕರುಳಿನ ಚೂರು ತೆಗೆದು ಪರೀಕ್ಷಿಸಿ, ಹರ್ಷ್‌ಸ್ಪ್ರಂಗ್ ಕಾಯಿಲೆ ಅಂದರು. ಸುಮಾರು 5000 ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ. ದೊಡ್ಡ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇರುವುದಿಲ್ಲ, ಹಾಗಾಗಿ ಅಲ್ಲಿ ಕರುಳು ಸಡಿಲವಾಗುವುದಿಲ್ಲ, ಮಲ ಹಿಂದೆಯೇ ನಿಂತುಬಿಡುತ್ತದೆ. ಕೆಲವು ಮಕ್ಕಳಿಗೆ ಒಂದೇ ಆಪರೇಷನ್ ಸಾಕು. ನಮ್ಮವನ ಕರುಳು ಜಾಸ್ತಿ ಊದಿತ್ತು. ಅದಕ್ಕೆ ಮೊದಲು ಕರುಳನ್ನು ಹೊಟ್ಟೆ ಮೇಲೆ ತಂದು ಬಾಯಿ ಮಾಡಿದರು, ಅದೇ ಕೊಲೊಸ್ಟಮಿ. ಮಲ ಅಲ್ಲಿಂದಲೇ ಹೊರಬರುತ್ತದೆ, ಅದನ್ನು ಹಿಡಿಯಲು ಮೇಲೆ ಬ್ಯಾಗ್ ಅಂಟಿಸುತ್ತಾರೆ.

ಕೆಂಪಗೆ ಒದ್ದೆಯಾಗಿರುವ ಆ ಬಾಯಿ ನೋಡಿ ಮೊದಲ ದಿನ ನನ್ನ ಕೈ ನಡುಗಿತು. ಅದನ್ನು ಮುಟ್ಟಿದರೆ ಮಗುವಿಗೆ ನೋವಾಗುವುದಿಲ್ಲ. ಒರೆಸುವಾಗ ಚೂರು ರಕ್ತ ಬಂದರೂ ಗಾಬರಿ ಬೇಡ. ಆದರೆ ಬಣ್ಣ ನೇರಳೆಗೋ ಕಪ್ಪಿಗೋ ತಿರುಗಿದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಬ್ಯಾಗ್ ಬದಲಾಯಿಸುವುದು ಬೆಳಿಗ್ಗೆ, ಹಾಲು ಕುಡಿಸುವ ಮುಂಚೆ. ಆಗ ಮಲ ಕಡಿಮೆ. ಹಳೇ ಬ್ಯಾಗನ್ನು ಎಳೆಯಬೇಡಿ, ಬೆಚ್ಚಗಿನ ನೀರಲ್ಲಿ ಅಂಚು ನೆನೆಸಿ, ಚರ್ಮವನ್ನು ಒತ್ತಿ ಹಿಡಿದು ನಿಧಾನಕ್ಕೆ ಬಿಡಿಸಿ. ಬರೀ ನೀರು, ಮೆತ್ತನೆ ಬಟ್ಟೆ ಸಾಕು. ನಮ್ಮತ್ತೆ ಪ್ರೀತಿಯಿಂದ ಕೊಬ್ಬರಿ ಎಣ್ಣೆ ಸವರಿದ್ದರು, ಆವತ್ತು ಮೂರು ಬ್ಯಾಗ್ ಹಾಳು! ಎಣ್ಣೆ, ಪೌಡರ್ ಇದ್ದರೆ ಅಂಟುವುದೇ ಇಲ್ಲ.

ಬ್ಯಾಗಿನ ತೂತು ಕರುಳಿನ ಬಾಯಿಗಿಂತ ಒಂದೆರಡು ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಜಾಸ್ತಿ ಕತ್ತರಿಸಿದರೆ ಮಲ ತಾಗಿ ಚರ್ಮ ಸುಲಿಯುತ್ತದೆ. ನಾನು ಹಳೇ ಮದುವೆ ಕಾಗದದಲ್ಲಿ ಅಳತೆ ಕತ್ತರಿಸಿಟ್ಟುಕೊಂಡಿದ್ದೆ. ಮೊದಲ ಒಂದೂವರೆ ಎರಡು ತಿಂಗಳು ಊತ ಇಳಿಯುತ್ತಾ ಹೋಗುತ್ತದೆ, ಆಗಾಗ ಅಳತೆ ಹೊಸದು ಮಾಡಿ. ಅಂಟಿಸಿದ ಮೇಲೆ ಅಂಗೈಯನ್ನು ಒಂದು ನಿಮಿಷ ಮೇಲಿಡಿ, ಬಿಸಿಗೆ ಚೆನ್ನಾಗಿ ಕೂರುತ್ತದೆ. ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ.

ಬ್ಯಾಗ್ ಮುಗಿದ ದಿನ ಹತ್ತಿ ಸೀರೆ ಹರಿದು ಮಡಿಸಿ ಕಟ್ಟಿದ್ದೂ ಉಂಟು. ಆದರೆ ನಮ್ಮೂರ ಆಷಾಢದ ಮಳೆಯಲ್ಲಿ ಬಟ್ಟೆ ಒಣಗಬೇಕಲ್ಲ! ಬಚ್ಚಲು ಒಲೆ ಮೇಲೆ ಹಗ್ಗ ಕಟ್ಟಿದೆವು. ಮಗನ ಬಟ್ಟೆಗೆಲ್ಲ ಹೊಗೆ ವಾಸನೆ.

ಮುಂದೆ ನರಕೋಶವಿಲ್ಲದ ಭಾಗ ತೆಗೆದು, ಒಳ್ಳೆ ಕರುಳನ್ನು ಕೆಳಗೆಳೆದು ಜೋಡಿಸುತ್ತಾರೆ. ಅದಕ್ಕೆ ಪುಲ್‌ಥ್ರೂ ಅನ್ನುತ್ತಾರೆ. ಅದಾಗಿ ಹೊಟ್ಟೆ ಮೇಲಿನ ಬಾಯಿ ಮುಚ್ಚಿದ ಮೇಲೆ ದಿನಕ್ಕೆ ಹತ್ತಾರು ಸಲ ಮಲ ಹೋಗಿ ಕೂರುವ ಜಾಗ ಕೆಂಪಗಾಗುತ್ತದೆ. ಕೆಂಪಾಗುವ ಮೊದಲೇ ಜಿಂಕ್ ಆಕ್ಸೈಡ್ ಕ್ರೀಮ್ ದಪ್ಪಗೆ ಹಚ್ಚಿ.

ಆಪರೇಷನ್ ಆಯ್ತಲ್ಲ ಅಂತ ಮೈಮರೆಯಬೇಡಿ. ಜ್ವರ, ಉಬ್ಬಿದ ಹೊಟ್ಟೆ, ಕೆಟ್ಟ ವಾಸನೆಯ ನೀರು ಭೇದಿ, ಮಗು ಮಂಕಾಗುವುದು ಕಂಡರೆ ಅದು ಕರುಳಿನ ಸೋಂಕಿರಬಹುದು. ಬರೀ ಓಆರ್‌ಎಸ್ ಕುಡಿಸುತ್ತಾ ಕೂರದೆ ಆಸ್ಪತ್ರೆಗೆ ಓಡಿ, ಹರ್ಷ್‌ಸ್ಪ್ರಂಗ್ ಆಪರೇಷನ್ ಆಗಿದೆ ಅಂತ ಮೊದಲೇ ಹೇಳಿ. ನಮ್ಮ ಡಿಸ್ಚಾರ್ಜ್ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಈಗಲೂ ಬಾಗಿಲ ಹಿಂದೆ, ಕೊಡೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಿದೆ.