ರಕ್ತಹೀನತೆ ಪ್ರಾಜೆಕ್ಟಿಗೆ ಎಲೈಸಾ ಕಿಟ್ ಬಳಸುವುದು ಹೇಗೆ?

ತುಮಕೂರಿನಲ್ಲಿ ಜೀವರಸಾಯನಶಾಸ್ತ್ರ ಓದುತ್ತ ರಕ್ತಹೀನತೆಯ ಮೇಲೆ ಪ್ರಾಜೆಕ್ಟು ಮಾಡುವವರು ಕಬ್ಬಿಣವನ್ನು ಕೂಡಿಡುವ ಪ್ರೋಟೀನ್ ಆದ ಫೆರಿಟಿನ್ ಒಂದನ್ನೇ ನೆಚ್ಚಿಕೊಳ್ಳಬಾರದು. ಮೈಯಲ್ಲಿ ಸೋಂಕೋ ಉರಿಯೂತವೋ ಇದ್ದರೆ ಫೆರಿಟಿನ್ ಏರಿ ಕಬ್ಬಿಣದ ಕೊರತೆಯನ್ನು ಮರೆಮಾಚುತ್ತದೆ. ಆಗ ನೆರವಿಗೆ ಬರುವುದು ಟ್ರಾನ್ಸ್‌ಫೆರಿನ್ ರಿಸೆಪ್ಟರ್. ಕೋಶಪೊರೆಯಲ್ಲಿದ್ದು ಕಬ್ಬಿಣವನ್ನು ಒಳಗೆಳೆದುಕೊಳ್ಳುವ ಪ್ರೋಟೀನ್ ಇದು. ಕಬ್ಬಿಣ ಸಾಲದಾದಾಗ ಕೋಶ ಇದನ್ನು ಹೆಚ್ಚು ತಯಾರಿಸುತ್ತದೆ. ಇದರ ಹೊರಭಾಗ ಕಳಚಿಕೊಂಡು ರಕ್ತಕ್ಕೂ ಸೇರುತ್ತದೆ. ಅದನ್ನು ಅಳೆಯುವುದು ಎಲೈಸಾ, ಅಂದರೆ ಪ್ರತಿಕಾಯದಿಂದ ಪ್ರೋಟೀನ್ ಹಿಡಿದು ಕಿಣ್ವ ತರಿಸುವ ಬಣ್ಣದಿಂದ ಅಳೆಯುವ, 1971ರಲ್ಲಿ ಸ್ವೀಡನ್ನಿನ ಇವಾ ಎಂಗ್ವಾಲ್, ಪೀಟರ್ ಪರ್ಲ್‌ಮನ್ ಪ್ರಕಟಿಸಿದ ವಿಧಾನ.

ಬೆಂಗಳೂರಿನಿಂದ ಕಿಟ್ ಐಸ್ ಪ್ಯಾಕ್ ಸಮೇತ ಬರಲಿ. ಬಂದೊಡನೆ 2ರಿಂದ 8 ಡಿಗ್ರಿಯ ಫ್ರಿಜ್ಜಿನಲ್ಲಿಡಿ. ಬೇಸಿಗೆಯಲ್ಲಿ ಕರೆಂಟ್ ಕೈಕೊಟ್ಟೀತು, ಜನರೇಟರ್ ಬೆಂಬಲವಿರುವ ಫ್ರಿಜ್ಜನ್ನೇ ಕೇಳಿ ಪಡೆಯಿರಿ.

ಮೊದಲು ಮಾದರಿ. ಕೈಗವಸು ಹಾಕಿಕೊಂಡು, ರಕ್ತ ಹೆಪ್ಪುಗಟ್ಟಿದ ಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲೆ ನಿಲ್ಲುವ ದ್ರವವನ್ನು, ಅಂದರೆ ಸೀರಂ ಅನ್ನು, ತೆಗೆಯಿರಿ. ಅದು ತಿಳಿಹಳದಿ ಇರಬೇಕು. ಗುಲಾಬಿ ಬಣ್ಣ ಕಂಡರೆ ಕೆಂಪು ರಕ್ತಕಣ ಒಡೆದಿದೆ ಎಂದರ್ಥ. ಆ ಮಾದರಿ ಬೇಡವೇ ಬೇಡ. ಚೆನ್ನಾಗಿರುವ ಸೀರಂ ಅನ್ನು ಸಣ್ಣ ಟ್ಯೂಬುಗಳಿಗೆ ಹಂಚಿ ಫ್ರೀಜರಿಗೆ ಸೇರಿಸಿ, ಪದೇ ಪದೇ ಕರಗಿಸಬೇಡಿ. ಕೋಶಗಳಲ್ಲೇ ಅಳೆಯುವುದಾದರೆ ಡಿಟರ್ಜೆಂಟ್ ಇರುವ ಬಫರ್ ಹಾಕಿ, ಐಸಿನ ಮೇಲಿಟ್ಟು, ಪೊರೆಯಿಂದ ಪ್ರೋಟೀನ್ ಬಿಡಿಸಿಕೊಳ್ಳಬೇಕು.

ಕಿಟ್‌ನ ಪ್ಲೇಟಿನ 96 ವೆಲ್‌ಗಳ (ಪುಟ್ಟ ಗುಳಿಗಳ) ತಳದಲ್ಲಿ ರಿಸೆಪ್ಟರನ್ನು ಹಿಡಿಯುವ ಪ್ರತಿಕಾಯ ಅಂಟಿಕೊಂಡಿರುತ್ತದೆ. ಕಿಟ್‌ನ ಸ್ಟ್ಯಾಂಡರ್ಡನ್ನು (ಪ್ರಮಾಣ ಗೊತ್ತಿರುವ ರಿಸೆಪ್ಟರ್ ದ್ರಾವಣ) ಹಂತಹಂತವಾಗಿ ಅರ್ಧಕ್ಕರ್ಧ ತೆಳು ಮಾಡಿ, ಪ್ರತಿ ಹಂತಕ್ಕೂ ಹೊಸ ಟಿಪ್ ಹಾಕಿ. ಸ್ಟ್ಯಾಂಡರ್ಡ್, ರಿಸೆಪ್ಟರ್ ಇಲ್ಲದ ಬ್ಲಾಂಕ್, ಮಾದರಿ ಎಲ್ಲವೂ ಎರಡೆರಡು ವೆಲ್‌ಗಳಲ್ಲಿರಲಿ. ಅಳತೆ, ಸಮಯ ಕೈಪಿಡಿಯಲ್ಲಿ ಇದ್ದಂತೆಯೇ.

ಇನ್ನು ತೊಳೆಯುವುದು. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ವೆಲ್ ತುಂಬುವಷ್ಟು ಬಫರ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಚೆಲ್ಲಿ, ಪ್ಲೇಟನ್ನು ಟಿಶ್ಯೂ ಕಾಗದದ ಮೇಲೆ ಬೋರಲು ಹಾಕಿ ತಟ್ಟಿ. ಕಾಗದದಲ್ಲಿ ಒದ್ದೆ ಗುರುತು ಮೂಡದಂತಾಗಲಿ. ಹಾಗಂತ ವೆಲ್ ಒಣಗಲು ಬಿಡಬೇಡಿ. ಉಳಿದುಕೊಂಡ ಒಂದು ಹನಿಯೂ ಇಲ್ಲದ ಬಣ್ಣ ತೋರಿಸಬಲ್ಲದು.

ಆಮೇಲೆ ಕಿಣ್ವ ಜೋಡಿಸಿದ ಎರಡನೆಯ ಪ್ರತಿಕಾಯ, ಮತ್ತೆ ತೊಳೆತ, ಕೊನೆಗೆ ಕಿಣ್ವ ತಾಗಿದಾಗ ಬಣ್ಣ ತಾಳುವ ಟಿಎಂಬಿ ದ್ರಾವಣ. ನೀಲಿ ನಿಧಾನವಾಗಿ ಏರುತ್ತದೆ. ರಿಸೆಪ್ಟರ್ ಹೆಚ್ಚಿದ್ದಲ್ಲಿ ಗಾಢ. ಆಮ್ಲ ಹಾಕಿದೊಡನೆ ಹಳದಿಗೆ ತಿರುಗುತ್ತದೆ. ತಡಮಾಡದೆ ಪ್ಲೇಟ್ ರೀಡರಿನಲ್ಲಿ 450 ನ್ಯಾನೋಮೀಟರ್ ಬೆಳಕಿನಲ್ಲಿ ಓದಿಸಿ, ಸ್ಟ್ಯಾಂಡರ್ಡ್‌ಗಳ ಓದಿನಿಂದ ಎಳೆದ ರೇಖೆಯಿಂದ ಪ್ರಮಾಣ ತೆಗೆಯಿರಿ.

ಮಾದರಿ ರೇಖೆಯ ಮೇಲ್ತುದಿ ದಾಟಿದರೆ ಊಹಿಸಿ ಬರೆಯಬೇಡಿ. ತೆಳು ಮಾಡಿ ಮತ್ತೆ ಅಳೆಯಿರಿ. ಒಂದು ಕಂಪನಿಯ ಕಿಟ್‌ನ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕದಲ್ಲಿಡುವುದೂ ಸಲ್ಲ. ಡಬ್ಬಿಯ ಮೇಲೆ ‘ಸಂಶೋಧನೆಗೆ ಮಾತ್ರ’ ಎಂದಿದ್ದರೆ ಆ ಅಂಕಿ ವರದಿಯ ರೂಪದಲ್ಲಿ ರೋಗಿಯ ಕೈ ಸೇರಬಾರದು.