ಐದು ಪೆಟ್ಟಿನ ಪೆಟ್ಟಿಗೆ: ಬೋ ಡಿಡ್ಲಿಯ ಲಯವನ್ನು ಕೊಡಗಿನ ಮರದಲ್ಲಿ ನುಡಿಸುವ ಬಗೆ

ಮೊದಲು ಗಿಟಾರ್ ಕೆಳಗಿಡಿ. ಅಮೆರಿಕದ ಗಿಟಾರ್ ವಾದಕ, ಹಾಡುಗಾರ ಬೋ ಡಿಡ್ಲಿಯ ಲಯ ಕಲಿಯಲು ತೊಡೆ, ಅಂಗೈ, ನಾಲಗೆ ಇದ್ದರೆ ಸಾಕು.

ಒಂದು ಆವರ್ತಕ್ಕೆ 16 ಅಕ್ಷರ. ಅದನ್ನು 3, 3, 4, 2, 4 ಎಂದು ಒಡೆಯಿರಿ. ಮೃದಂಗದ ಪಾಠಕ್ಕೆ ನಾಲ್ಕು ದಿನ ಹೋಗಿ ಬಿಟ್ಟವರಿಗೂ ಇದು ಬಾಯಲ್ಲೇ ಇದೆ: ತಕಿಟ ತಕಿಟ ತಕಧಿಮಿ ತಕ ತಕಧಿಮಿ. ಪ್ರತಿ ತುಂಡಿನ ಮೊದಲ ಅಕ್ಷರಕ್ಕೆ ಒಂದು ಪೆಟ್ಟು, ಅಂದರೆ 1, 4, 7, 11, 13ಕ್ಕೆ. ಕಾಲು ಮಾತ್ರ ಇದಕ್ಕೆ ಸೊಪ್ಪು ಹಾಕದೆ ನಾಲ್ಕು ಅಕ್ಷರಕ್ಕೊಮ್ಮೆ, 1, 5, 9, 13ಕ್ಕೆ ನೆಲ ಮುಟ್ಟುತ್ತಿರಬೇಕು. ಕೈಯೂ ಕಾಲೂ ಕೂಡುವುದು ಎರಡೇ ಕಡೆ, ಮೊದಲ ಪೆಟ್ಟಿನಲ್ಲಿ ಮತ್ತು ಕೊನೆಯದರಲ್ಲಿ. ನಡುವಿನ ಮೂರೂ ಕಾಲಿನಿಂದ ತಪ್ಪಿಸಿಕೊಂಡು ಓಡಾಡುತ್ತವೆ. ಕೇಳುವವರ ಸೊಂಟ ಅಲುಗುವುದು ಆ ಮೂರರಿಂದಲೇ.

ಎಡವುವುದು ಸಾಮಾನ್ಯವಾಗಿ ಎರಡನೇ ಪೆಟ್ಟಿನಲ್ಲಿ. ಅದು 4ನೇ ಅಕ್ಷರದಲ್ಲಿ, ಕಾಲು ಬೀಳುವುದಕ್ಕೆ ಒಂದೇ ಅಕ್ಷರ ಮುಂಚೆ ಬರುತ್ತದೆ. ಕೈ ಅಲ್ಲಿ ಕಾಲನ್ನು ಕಾಯುತ್ತದೆ. ಪೆಟ್ಟು 5ಕ್ಕೆ ಜಾರಿದರೆ ಇಡೀ ಆವರ್ತ ಕವಾಯತಿನ ಹೆಜ್ಜೆಯಾಗಿಬಿಡುತ್ತದೆ. ಮೊಬೈಲಿನಲ್ಲಿ ಟಿಕ್ ಟಿಕ್ ಎಂದು ಲಯ ಹಿಡಿಯುವ ಮೆಟ್ರೋನೋಮ್ ಅನ್ನು ನಿಮಿಷಕ್ಕೆ 60ಕ್ಕೆ ಇಟ್ಟು, ಬಾಯಲ್ಲಿ ಹದಿನಾರೂ ಅಕ್ಷರ ಹೇಳುತ್ತಾ ತೊಡೆ ತಟ್ಟಿ. ಬಾಯಿ ನಿಲ್ಲಿಸಿದರೂ ಪೆಟ್ಟು ಜಾರದಿದ್ದರೆ 64ಕ್ಕೆ ಏರಿಸಿ, ಆಮೇಲೆ 68ಕ್ಕೆ. ವಾಲಗಕ್ಕೆ ಕುಣಿದು ಬೆಳೆದ ಕಾಲು ತನ್ನದೇ ತೂಗನ್ನು ತರುತ್ತದೆ. ಅದು ತಪ್ಪಲ್ಲ, ಆದರೆ ಮೊದಲ ವಾರ ನೇರ ಎಣಿಕೆಯೇ ಇರಲಿ; ತೂಗು ಆಮೇಲೆ ತಾನಾಗಿ ಸೇರಿಕೊಳ್ಳುತ್ತದೆ.

ಈ ಐದು ಪೆಟ್ಟನ್ನು ಬೋ ಡಿಡ್ಲಿ ಶೂನ್ಯದಿಂದ ಹುಟ್ಟಿಸಲಿಲ್ಲ. ಕ್ಯೂಬಾದವರು ಇದನ್ನು ಕ್ಲಾವೆ ಎನ್ನುತ್ತಾರೆ. ಅಮೆರಿಕದ ಕಪ್ಪು ಜನರಲ್ಲಿ ತೊಡೆ, ಎದೆ ತಟ್ಟಿಕೊಂಡು ಹಾಡುವ ಹ್ಯಾಂಬೋನ್ ಎಂಬ ಆಟದಲ್ಲೂ ಇದರ ಹತ್ತಿರದ ನಂಟು ಇತ್ತು. ಆತ ಮಾಡಿದ್ದು ಏನೆಂದರೆ, ಅದನ್ನು ತಂದು ಎಲೆಕ್ಟ್ರಿಕ್ ಗಿಟಾರಿನ ಮೇಲೆ ಕೂರಿಸಿದ್ದು, ಗಿಟಾರನ್ನೇ ಚರ್ಮವಾದ್ಯದಂತೆ ಬಾರಿಸಿದ್ದು. 1928ರ ಡಿಸೆಂಬರ್ 30ರಂದು ಮಿಸಿಸಿಪಿಯ ಮೆಕೋಮ್‌ನಲ್ಲಿ ಹುಟ್ಟಿದ ಎಲಾಸ್ ಬೇಟ್ಸ್, ತಾಯಿಯ ಸೋದರ ಸಂಬಂಧಿಯ ಮಡಿಲಿಗೆ ದತ್ತು ಹೋಗಿ ಎಲಾಸ್ ಮೆಕ್‌ಡ್ಯಾನಿಯಲ್ ಆದ. ಬೋ ಡಿಡ್ಲಿ ಎಂಬುದು ಆತನ ರಂಗದ ಹೆಸರು. ಚಿಕ್ಕಂದಿನಲ್ಲೇ ಶಿಕಾಗೋ ಸೇರಿದ. ಅಲ್ಲಿ ಚರ್ಚಿನ ಆಶ್ರಯದಲ್ಲಿ ಕಲಿತದ್ದು ಪಿಟೀಲು. ಗಿಟಾರ್ ಹಿಡಿದು ಬೀದಿಯಲ್ಲಿ ನುಡಿಸಿದ್ದು ಆಮೇಲೆ. 1955ರಲ್ಲಿ ತನ್ನದೇ ಹೆಸರಿನ ಹಾಡನ್ನು ಮೊದಲ ರೆಕಾರ್ಡಾಗಿ ಹೊರತಂದಾಗ ಅದು ಅಮೆರಿಕದ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು.

ಇನ್ನು ಪೆಟ್ಟಿಗೆ. ಬೋ ಡಿಡ್ಲಿಯ ಗುರುತೇ ಚೌಕಟ್ಟಿನಂಥ ಆಯತದ ಗಿಟಾರ್. 1958ರಲ್ಲಿ ಗ್ರೆಚ್ ಕಂಪನಿ ಅದನ್ನು ಆತನಿಗಾಗಿ ಮಾಡಿಕೊಟ್ಟಿತು. ಅದಕ್ಕೆ ಆರು ತಂತಿ. ಮನೆಯಲ್ಲಿ ಮೊದಲ ಸಲ ಮಾಡುವವರಿಗೆ ಮೂರೇ ಸಾಕು: ಲಯ ಇರುವುದು ಕೈಯಲ್ಲಿ. ಸ್ವರ ಒಂದು, ಅದರ ಪಂಚಮ, ಮೇಲಿನ ಸ್ಥಾಯಿಯ ಅದೇ ಸ್ವರ ಇದ್ದರೆ ಕೆಲಸ ನಡೆಯುತ್ತದೆ.

ಕೆಲಸಕ್ಕೆ ಕೈ ಹಾಕುವುದಾದರೆ ಜನವರಿಯಿಂದ ಏಪ್ರಿಲ್ ಒಳಗೆ. ಜೂನ್‌ನಲ್ಲಿ ಮಡಿಕೇರಿ, ಭಾಗಮಂಡಲದ ಕಡೆ ಕೊಯ್ದು ಅಂಟಿಸಿದ ಹಲಗೆ ಒದ್ದೆಯನ್ನು ಒಳಗಿಟ್ಟುಕೊಂಡೇ ಕೂತಿರುತ್ತದೆ. ಬೇಸಗೆ ಬಂದೊಡನೆ ಕುಗ್ಗಿ, ಅಂಟಿನ ಸಾಲಿನಲ್ಲೇ ಬಿರಿಯುತ್ತದೆ. ಕುಶಾಲನಗರದ ಕಡೆಯವರಿಗೆ ಈ ಕಾಟ ಸ್ವಲ್ಪ ಕಡಿಮೆ. ಮರ ಕಡಿಯುವ ಮಾತೇ ಬೇಡ, ಬಡಗಿಯ ಅಂಗಡಿಯಲ್ಲಿ ಉಳಿದ ತುಂಡುಗಳೇ ಧಾರಾಳ. ಪೆಟ್ಟಿಗೆಯ ನಾಲ್ಕು ಬದಿಗೆ 12 ಮಿಲಿಮೀಟರ್ ದಪ್ಪದ ಸಿಲ್ವರ್ ಓಕ್ ಚೆನ್ನಾಗಿರುತ್ತದೆ. ಕಾಫಿ ತೋಟದ ನೆರಳಿಗೆ, ಮೆಣಸಿನ ಬಳ್ಳಿ ಹಬ್ಬಿಸಲು ನೆಡುವ ಆ ಮರ ಹಗುರ, ಉಳಿಗೆ ಸುಲಭವಾಗಿ ಸಿಗುತ್ತದೆ. ಆದರೆ ಅದರ ಹುಡಿ ಕೆಲವರ ಮೈಗೆ ಆಗುವುದಿಲ್ಲ, ತುರಿಕೆ ಏಳುತ್ತದೆ. ಉಜ್ಜುವಾಗ ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಇರಲಿ. ವಾದ್ಯದ ಕತ್ತಿಗೆ, ಅಂದರೆ ತಂತಿ ಹಾಯುವ ಉದ್ದ ಪಟ್ಟಿಗೆ ಮಾತ್ರ ಸಿಲ್ವರ್ ಓಕ್ ಬೇಡ. ಮೂರು ತಂತಿ ಸೇರಿದರೆ 30 ಕಿಲೋಗೂ ಮೀರಿದ ಎಳೆತ. ಮೆತ್ತನೆಯ ಮರ ಬಿಲ್ಲಿನಂತೆ ಬಾಗುತ್ತದೆ. ನೇರ ಎಳೆಯ ತೇಗ ಅಥವಾ ಚೆನ್ನಾಗಿ ಒಣಗಿದ ಹಲಸು ತೆಗೆದುಕೊಳ್ಳಿ.

ಅಳತೆ ಹೀಗೆ. ಪೆಟ್ಟಿಗೆ 280 ಉದ್ದ, 200 ಅಗಲ, 55 ಆಳ, ಎಲ್ಲವೂ ಮಿಲಿಮೀಟರಿನಲ್ಲಿ. ಮೇಲ್ಮುಚ್ಚಳಕ್ಕೆ 4 ಮಿಲಿಮೀಟರ್ ಪ್ಲೈವುಡ್, ತಳಕ್ಕೂ ಅದೇ. ಕತ್ತಿನ ಪಟ್ಟಿ 900 ಉದ್ದ, 38 ಅಗಲ, 20 ದಪ್ಪ. ಇದು ಪೆಟ್ಟಿಗೆಯ ಒಂದು ಬದಿಯಲ್ಲಿ ಹೊಕ್ಕು ಇನ್ನೊಂದು ಬದಿಯಲ್ಲಿ 20 ಮಿಲಿಮೀಟರ್ ಹೊರಬರಬೇಕು. ತಂತಿಯ ಎಳೆತವೆಲ್ಲ ಈ ಒಂದೇ ಮರದ ಮೇಲೆ ಬೀಳುವುದರಿಂದ ಪೆಟ್ಟಿಗೆ ಬಿಚ್ಚಿಕೊಳ್ಳುವುದಿಲ್ಲ. ಬಿರಡೆ ಮೂರು, ಕೇಬಲ್ ಚುಚ್ಚಲು 6.35 ಮಿಲಿಮೀಟರಿನ ಮೋನೋ ಜಾಕ್ ಒಂದು, ಅದುರಿಕೆಯನ್ನು ವಿದ್ಯುತ್ತಾಗಿಸುವ 27 ಮಿಲಿಮೀಟರಿನ ಪೀಜೋ ಬಿಲ್ಲೆ ಒಂದು, ನೀರು ತಡೆಯುವ ಮರದ ಅಂಟು, ಕತ್ತಿಗೆ ಅಡ್ಡಲಾಗಿ ವೀಣೆಯ ಮೆಟ್ಟಿಲಿನಂತೆ ಕೂರಿಸುವ ಫ್ರೆಟ್ ತಂತಿ ಎರಡು ಮೀಟರ್, ಒಂದು ಸೆಟ್ ಗಿಟಾರ್ ತಂತಿ.

ಇಲ್ಲೊಂದು ಕಡೆ ನಿಂತು ನೋಡಿ. ಕತ್ತಿನ ಪಟ್ಟಿ ಪೆಟ್ಟಿಗೆಯೊಳಗೆ ಹಾದುಹೋಗುವ ಭಾಗದಲ್ಲಿ, ಮುಚ್ಚಳದ ಕಡೆಯ ಮೈಯನ್ನು 3 ಮಿಲಿಮೀಟರ್ ಕೆತ್ತಿ ತೆಗೆಯಬೇಕು. ಮುಚ್ಚಳ ಕತ್ತಿಗೆ ತಾಗಿದರೆ ಅದುರುವುದಿಲ್ಲ. ಅದುರದ ಮುಚ್ಚಳದಿಂದ ಮೇಜು ಕುಟ್ಟಿದ ಸದ್ದೇ ಬರುವುದು. ಅಂಟು ಹಾಕುವ ಮುಂಚೆ ಮುಚ್ಚಳ ಇಟ್ಟು, ಸಂದಿನಲ್ಲಿ ಒಂದು ಪೋಸ್ಟ್‌ಕಾರ್ಡ್ ಎಳೆದು ನೋಡಿ. ಎಲ್ಲಿಯೂ ಸಿಕ್ಕಿಕೊಳ್ಳಬಾರದು.

ನಟ್‌ನಿಂದ ಕುದುರೆಗೆ 635 ಮಿಲಿಮೀಟರ್. ನಟ್ ಎಂದರೆ ಕತ್ತಿನ ಬಿರಡೆಯ ತುದಿಯಲ್ಲಿ ತಂತಿ ಹಾಯುವ ಪುಟ್ಟ ಪಟ್ಟಿ, ಕುದುರೆ ಎಂದರೆ ಮುಚ್ಚಳದ ಮೇಲೆ ತಂತಿಯನ್ನು ಎತ್ತಿ ಹಿಡಿಯುವ ತುಂಡು. ಫ್ರೆಟ್‌ಗಳನ್ನು ಒಂದರಿಂದ ಇನ್ನೊಂದಕ್ಕೆ ಅಳೆಯಬೇಡಿ, ಅರ್ಧ ಮಿಲಿಮೀಟರಿನ ತಪ್ಪು ಹನ್ನೆರಡು ಸಲ ಕೂಡಿಕೊಳ್ಳುತ್ತದೆ. ಎಲ್ಲವನ್ನೂ ನಟ್‌ನಿಂದಲೇ ಗುರುತು ಮಾಡಿ: 1ನೆಯದು 35.6, 2ನೆಯದು 69.3, 3ನೆಯದು 101, 4ನೆಯದು 131, 5ನೆಯದು 159.3, 7ನೆಯದು 211.2, 12ನೆಯದು 317.5. ಉಳಿದವಕ್ಕೆ ಸೂತ್ರ ಒಂದೇ: ಕುದುರೆಯವರೆಗೆ ಉಳಿದ ಉದ್ದವನ್ನು 17.817ರಿಂದ ಭಾಗಿಸಿದರೆ ಮುಂದಿನ ಫ್ರೆಟ್ ಎಷ್ಟು ದೂರ ಎಂದು ಗೊತ್ತಾಗುತ್ತದೆ. ತಾಳ್ಮೆ ಇಲ್ಲದಿದ್ದರೆ 5, 7, 12 ಈ ಮೂರನ್ನೇ ಕೂರಿಸಿ, ನುಡಿಸಲು ಶುರು ಮಾಡಿ. ಈ ಲಯಕ್ಕೆ ಅಷ್ಟರಲ್ಲೇ ಮುಕ್ಕಾಲು ಪಾಲು ಹಾಡು ಮುಗಿಯುತ್ತದೆ.

ಕುದುರೆಯನ್ನು ಅಂಟಿಸಬಾರದು, ತಂತಿಯ ಒತ್ತಡಕ್ಕೇ ನಿಲ್ಲಬೇಕು. 12ನೇ ಫ್ರೆಟ್ ಮೇಲೆ ಬೆರಳು ಹಗುರಾಗಿ ತಾಗಿಸಿದಾಗ ಬರುವ ಸ್ವರ, ಒತ್ತಿ ಹಿಡಿದಾಗ ಬರುವ ಸ್ವರ ಎರಡೂ ಒಂದೇ ಆಗುವವರೆಗೆ ಅದನ್ನು ಹಿಂದೆ ಮುಂದೆ ಸರಿಸಿ. ಒತ್ತಿದ್ದು ಏರಿದ್ದರೆ ಕುದುರೆ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ. ಕೊನೆಗೆ ಅದು 635ಕ್ಕಿಂತ ಎರಡು ಮೂರು ಮಿಲಿಮೀಟರ್ ಹಿಂದೆಯೇ ನಿಲ್ಲುವುದು ಸಹಜ. 12ನೇ ಫ್ರೆಟ್ ಮೇಲೆ ತಂತಿ 3 ಮಿಲಿಮೀಟರ್ ಎತ್ತರದಲ್ಲಿರಲಿ.

ಸೆಟ್ಟಿನಲ್ಲಿ 5, 4, 3ನೇ ತಂತಿಗಳನ್ನು ಹಾಕಿ. 5ನೆಯದನ್ನು ಎ ಇಂದ ಜಿ ಗೆ ಇಳಿಸಿ, 4ನೆಯದು ಡಿ, 3ನೆಯದು ಜಿ ಹಾಗೇ ಇರಲಿ. ಯಾವ ಬೆರಳೂ ಇಡದೆ ಎಳೆದರೆ ಸಾ-ಪ-ಸಾ. ಒಂದೇ ಬೆರಳನ್ನು 5ನೇ ಫ್ರೆಟ್ಟಿಗೆ ಅಡ್ಡ ಹಾಕಿದರೆ ಮಧ್ಯಮ, 7ಕ್ಕೆ ಹಾಕಿದರೆ ಪಂಚಮ. ಬೋ ಡಿಡ್ಲಿ ತನ್ನ ಆರು ತಂತಿಯನ್ನು ಓಪನ್ ಇ ಗೆ, ಅಂದರೆ ಬೆರಳಿಡದೆ ಎಳೆದರೇ ಇ ಮೇಜರ್ ಸ್ವರಮೇಳ ಬರುವಂತೆ ಕೂಡಿಸಿ ಮಾಡುತ್ತಿದ್ದುದೂ ಇದೇ ಅಡ್ಡ ಬೆರಳಿನ ಕೆಲಸ. ಮನೆಯಲ್ಲಿರುವ ಮಾಮೂಲಿ ಗಿಟಾರಿನಲ್ಲಿ ಅದನ್ನು ಮಾಡಲು ಹೊರಟವರಿಗೆ ಒಂದು ಮಾತು: ಓಪನ್ ಇ ಎಂದರೆ ಮೂರು ತಂತಿಗಳನ್ನು ಏರಿಸುವುದು. ನಾಲ್ಕು ಮಳೆಗಾಲ ಕಂಡ ಗಿಟಾರಿನ ಕುದುರೆ ಅಷ್ಟಕ್ಕೇ ಕಿತ್ತು ಬರಬಹುದು. ಬದಲಿಗೆ ಓಪನ್ ಡಿ ಗೆ ಇಳಿಸಿ, ಎರಡನೇ ಫ್ರೆಟ್ಟಿಗೆ ಕೇಪೋ (ಎಲ್ಲ ತಂತಿಯನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ. ಸ್ವರ ಅದೇ, ಎಳೆತ ಕಡಿಮೆ.

ಬಲಗೈ ಹದಿನಾರೂ ಅಕ್ಷರಕ್ಕೆ ಆಡುತ್ತಲೇ ಇರಬೇಕು: ಬೆಸ ಸಂಖ್ಯೆಗೆ ಕೆಳಗೆ, ಸಮ ಸಂಖ್ಯೆಗೆ ಮೇಲೆ. ಹಾಗಾದರೆ ಐದು ಪೆಟ್ಟಿನಲ್ಲಿ ನಾಲ್ಕು ಕೆಳಮುಖ, 4ನೇ ಅಕ್ಷರದ್ದು ಒಂದೇ ಮೇಲ್ಮುಖ. ತೊಡೆಯ ಮೇಲೆ ಜಾರಿದ ಅದೇ ಪೆಟ್ಟು ತಂತಿಯ ಮೇಲೆ ಸೊರಗುತ್ತದೆ, ಮೇಲಕ್ಕೆ ಎಳೆಯುವ ಕೈಗೆ ಭಾರ ಇಲ್ಲದ್ದರಿಂದ. ಅದೊಂದಕ್ಕೆ ಬೇಕೆಂದೇ ಒತ್ತು ಕೊಡಿ. ಉಳಿದ ಹನ್ನೊಂದು ಅಕ್ಷರದಲ್ಲಿ ಎಡಗೈಯನ್ನು ತಂತಿಯ ಮೇಲೆ ಸಡಿಲವಾಗಿ ಮಲಗಿಸಿದರೆ ಸ್ವರ ಸತ್ತು ಬರೀ 'ಚಿಕ್ ಚಿಕ್' ಉಳಿಯುತ್ತದೆ. ಆ ಕೆರೆತವೇ ಇದರ ತಾಳವಾದ್ಯ. ಕೈ ನಿಲ್ಲಿಸಿ ಐದನ್ನೇ ಹೊಡೆದರೆ ಲೆಕ್ಕ ಸರಿ ಬಂದರೂ ಓಟ ಬರುವುದಿಲ್ಲ.

ಪೀಜೋ ಬಿಲ್ಲೆಯನ್ನು ಮುಚ್ಚಳದ ಒಳಮೈಗೆ, ಕುದುರೆಗೂ ಅಂಚಿಗೂ ನಡುವೆ ಅಂಟಿಸಿ. ಕುದುರೆಯ ನೇರ ಕೆಳಗಿಟ್ಟರೆ ಗುಡುಗುಡು ಜಾಸ್ತಿ. ನಡುವಿನ ಬಿಳಿ ಭಾಗದ ತಂತಿ ಜಾಕಿನ ತುದಿಗೆ, ಹಿತ್ತಾಳೆಯದ್ದು ಹೊರಕವಚಕ್ಕೆ. ಬೆಸುಗೆ ಎರಡು ಸೆಕೆಂಡಿನಲ್ಲಿ ಮುಗಿಯಲಿ, ಹೆಚ್ಚು ಕಾಯಿಸಿದರೆ ಬಿಳಿ ಪದರವೇ ಎದ್ದುಬಿಡುತ್ತದೆ. ಇದನ್ನು ಮದುವೆ ಮನೆಯ ಮೈಕ್ ಸೆಟ್ಟಿಗೆ ನೇರ ಚುಚ್ಚಿದರೆ ತಗಡಿನ ಸದ್ದು ಬರುವುದು ಬಿಲ್ಲೆಯ ದೋಷವಲ್ಲ. ಪೀಜೋಗೆ ಒಂದು ಮೆಗಾಓಮ್ ಆಸುಪಾಸಿನ ರೋಧವಿರುವ ಇನ್‌ಪುಟ್ ಬೇಕು. ಗಿಟಾರ್ ಆಂಪ್ (ಸದ್ದು ಹೆಚ್ಚಿಸುವ ಆಂಪ್ಲಿಫೈಯರ್) ಅಥವಾ ಅಗ್ಗದ ಪ್ರೀಆಂಪ್ ಅದನ್ನು ಕೊಡುತ್ತದೆ. 'ಹುಂ' ಎಂಬ ಗುನುಗು ಬಿಡದಿದ್ದರೆ ಕವಚವಿರುವ ಕೇಬಲ್ ಹಾಕಿದ್ದೀರಾ ನೋಡಿ, ಆಮೇಲೆ ಮನೆಯ ಅರ್ಥಿಂಗ್ ನೋಡಿಸಿ. ಹಳೆಯ ತೋಟದ ಮನೆಗಳಲ್ಲಿ ಅರ್ಥಿಂಗ್ ಹೆಸರಿಗಷ್ಟೇ ಇರುವುದುಂಟು, ಅಂಥಲ್ಲಿ ಆಂಪ್ ಮುಟ್ಟುವುದೇ ಅಪಾಯ. ಏಪ್ರಿಲ್-ಮೇ ಗುಡುಗಿನ ಸಂಜೆ ಪ್ಲಗ್ ಕಿತ್ತಿಡಿ.

ಸದ್ದು ಏರಿ ಇಳಿದು ಮಿಡಿಯುವಂತೆ ಮಾಡುವುದು ಟ್ರೆಮೊಲೋ. ಬೋ ಡಿಡ್ಲಿಯ ಕಾಲದ ಯಂತ್ರದಲ್ಲಿ ಮೋಟಾರೊಂದು ದ್ರವ ತುಂಬಿದ ಪುಟ್ಟ ಡಬ್ಬಿಯನ್ನು ಅಲುಗಿಸುತ್ತಿತ್ತು. ದ್ರವ ಒಳಗಿನ ಲೋಹಕ್ಕೆ ತಾಗಿದಾಗಲೆಲ್ಲ ಸದ್ದು ತಗ್ಗುತ್ತಿತ್ತು. ಈಗ ಒಂದು ಪೆಡಲ್ ಸಾಕು. ವೇಗ ಮಾತ್ರ ಲೆಕ್ಕ ಹಾಕಿ ಇಡಿ: ನಿಮಿಷಕ್ಕೆ 105 ಕಾಲು ಬೀಳುತ್ತಿದ್ದರೆ, ಕಾಲಿಗೆ ಎರಡು ಮಿಡಿತದಂತೆ ಸೆಕೆಂಡಿಗೆ 3.5. ಹೊಂದದಿದ್ದರೆ ಕೈಯ ಲಯವೂ ಪೆಡಲಿನ ಲಯವೂ ಕಿತ್ತಾಡುತ್ತವೆ.

ಜೊತೆಗೆ ಇಬ್ಬರು ಬೇಕು. ಬೋ ಡಿಡ್ಲಿಯ ಪಕ್ಕ ಮರಾಕಾಸ್ ಎಂಬ ಗಿಲಕಿ ಅಲ್ಲಾಡಿಸುತ್ತಿದ್ದವನು ಜೆರೋಮ್ ಗ್ರೀನ್. ಆತನಿಲ್ಲದೆ ಆ ರೆಕಾರ್ಡುಗಳು ಅರ್ಧ ಖಾಲಿ. ಎರಡು ಒಣ ಸೋರೆಬುರುಡೆಗೆ ಹಿತ್ತಲ ಕಾಬಾಳೆಯ ಗಟ್ಟಿ ಕರಿ ಬೀಜ ಒಂದು ಹಿಡಿಯಷ್ಟು ತುಂಬಿ. ಕಾಫಿ ಬೀಜ ಹಾಕುವ ಆಸೆ ಎಲ್ಲರಿಗೂ ಬರುತ್ತದೆ, ಸದ್ದು ಮಂದ. ಗುಲಗಂಜಿ ವಿಷ, ಮಕ್ಕಳಿರುವ ಮನೆಯಲ್ಲಿ ಬೇಡ. ಮರಾಕಾಸ್ ಐದು ಪೆಟ್ಟು ಹೊಡೆಯಬಾರದು, ಹದಿನಾರೂ ಅಕ್ಷರ ಎಡೆಬಿಡದೆ ಉದುರಿಸಬೇಕು. ಡ್ರಮ್‌ಗೆ 20 ಲೀಟರಿನ ಖಾಲಿ ಬಣ್ಣದ ಬಕೆಟ್ ಬೋರಲು ಹಾಕಿ. ಜಾಗಟೆಯಂಥ ಸದ್ದು ಬೇಡ, ಈ ಸಂಗೀತಕ್ಕೆ ತಳದ ಗುಂಡು ದನಿ ಬೇಕು. ಮನೆಯಲ್ಲಿ ಕೊಡವರ ಪುಟ್ಟ ಚರ್ಮವಾದ್ಯ ದುಡಿ ಇದ್ದರೆ ಕೈ ಹಾಕುವ ಮುಂಚೆ ಹಿರಿಯರನ್ನು ಕೇಳಿ, ಅದರ ಜಾಗ ಹಾಡಿನಲ್ಲಿ, ಪುತ್ತರಿ ಹಬ್ಬದಲ್ಲಿ.

ಕೈ ಕುದುರಿದ ಮೇಲೆ ಕಿವಿಗೆ ಕೆಲಸ. 1955ರ ಆ ಮೊದಲ ರೆಕಾರ್ಡ್ ಹಾಕಿಕೊಂಡು ಜತೆಗೆ ನುಡಿಸಿ. ಬಳಿಕ ಬಡಿ ಹಾಲಿ 1957ರಲ್ಲಿ ಹಾಡಿದ 'ನಾಟ್ ಫೇಡ್ ಅವೇ' ಕೇಳಿ. ಅದೇ ಐದು ಪೆಟ್ಟು, ಆದರೆ ಕೆರೆತ ಇಲ್ಲ, ನಡುವೆ ಗಾಳಿಯಾಡುತ್ತದೆ. 1964ರಲ್ಲಿ ರೋಲಿಂಗ್ ಸ್ಟೋನ್ಸ್ ಅದೇ ಹಾಡನ್ನು ಎತ್ತಿಕೊಂಡಾಗ ಕೆರೆತ ವಾಪಸ್ ಬಂತು. ಅದರ ಹಿಂದಿನ ವರ್ಷವಷ್ಟೇ ಅವರು ಬೋ ಡಿಡ್ಲಿಯ ಜೊತೆ ಇಂಗ್ಲೆಂಡ್ ಸುತ್ತಿದ್ದರು. ಲಯಕ್ಕೆ ಹಕ್ಕುಸ್ವಾಮ್ಯ ಇಲ್ಲ, ಹಾಗಾಗಿ ಬಳಸಿದವರು ಯಾರೂ ಆತನಿಗೆ ಕಾಸು ಕೊಡಬೇಕಾಗಿರಲಿಲ್ಲ. 2008ರ ಜೂನ್ 2ರಂದು ಫ್ಲಾರಿಡಾದಲ್ಲಿ ತೀರಿಕೊಳ್ಳುವವರೆಗೂ ಆ ಕೊರಗು ಆತನಿಗೆ ಇತ್ತು. ಮೂರೂ ರೆಕಾರ್ಡಿನಲ್ಲಿ 4ನೇ ಅಕ್ಷರದ ಪೆಟ್ಟನ್ನೇ ಹುಡುಕಿ, ಯಾರದು ಗಟ್ಟಿ ಯಾರದು ಮೆದು ಎಂದು ಬರೆದಿಡಿ.

ಮಳೆ ಹಿಡಿದ ಮೇಲೆ ಪೆಟ್ಟಿಗೆಯನ್ನು ಗೋಡೆಗೆ ತಾಗಿಸಿ ತೂಗುಹಾಕಬೇಡಿ, ಹಿಂಬದಿಗೆ ಬೂಷ್ಟು ಹತ್ತುತ್ತದೆ. ಒಲೆಯ ಮೇಲಿನ ಅಟ್ಟವೂ ಬೇಡ, ಅಲ್ಲಿ ಹಲಗೆ ಒಣಗಿಸಬಹುದು, ಅಂಟಿಸಿದ ವಾದ್ಯ ಅಲ್ಲ. ಮರದ ಕಪಾಟಿನಲ್ಲಿ ಹಳೆಯ ಕಾಲದ 40 ವ್ಯಾಟ್ ತಂತಿ ಬಲ್ಬನ್ನು ಕೆಳಮೂಲೆಯಲ್ಲಿ, ಯಾವುದಕ್ಕೂ ತಾಗದಂತೆ, ದಿನಕ್ಕೆ ಎರಡು ಮೂರು ಗಂಟೆ ಉರಿಸಿ. ಎಲ್‌ಇಡಿಯಲ್ಲಿ ಅಷ್ಟು ಕಾವು ಇರುವುದಿಲ್ಲ. ನುಡಿಸಿದ ಮೇಲೆ ಪ್ರತಿ ತಂತಿಯನ್ನೂ ಒಣಬಟ್ಟೆಯಲ್ಲಿ ಕೆಳಗಿನಿಂದಲೂ ಒರೆಸಿ. ಆಗಸ್ಟ್‌ನಲ್ಲಿ ಮುಚ್ಚಳ ಉಬ್ಬಿ ಕುದುರೆ ಏರಿ ತಂತಿ ಎತ್ತರವಾದರೆ ಕುದುರೆಯನ್ನು ಉಜ್ಜಲು ಹೋಗಬೇಡಿ. ನವೆಂಬರ್ ಹೊತ್ತಿಗೆ ಮರ ಇಳಿಯುತ್ತದೆ, ಆಗ ಉಜ್ಜಿದ ಕುದುರೆ ಗಿಡ್ಡವಾಗಿ ತಂತಿ ಫ್ರೆಟ್ಟಿಗೆ ತಾಗಿ ಜರ್ ಎನ್ನುತ್ತದೆ. ಮಳೆಗಾಲಕ್ಕೆಂದೇ ಒಂದು ಮಿಲಿಮೀಟರ್ ಗಿಡ್ಡ ಕುದುರೆ ಇನ್ನೊಂದು ಮಾಡಿಟ್ಟುಕೊಂಡು ಬದಲಾಯಿಸಿಕೊಳ್ಳಿ.