ಕೊಡಗಿನಿಂದ ಯುಪಿಎಸ್‌ಸಿ ಬರೆಯುವವರಿಗೆ: ಅರ್ಹತೆ, ದಾಖಲೆ, ಕನ್ನಡ ಪತ್ರಿಕೆ – ನನ್ನ ಅನುಭವ

ಕೇಂದ್ರ ಲೋಕಸೇವಾ ಆಯೋಗ (ಯುಪಿಎಸ್‌ಸಿ) ನಡೆಸುವ ನಾಗರಿಕ ಸೇವಾ ಪರೀಕ್ಷೆಗೆ ಓದು ಶುರು ಮಾಡುವ ಮೊದಲೇ ನಾನು ದಾಖಲೆ ಜೋಡಿಸಿಕೊಂಡೆ. ಕೊಡಗಿನವರ ಜಮೀನು, ಹೆಸರು, ಮನೆಮಾತು ಮೂರಕ್ಕೂ ಈ ಪರೀಕ್ಷೆಯ ನಿಯಮಗಳು ನೇರವಾಗಿ ತಾಗುತ್ತವೆ. ಇಲ್ಲಿ ಎಡವಿದರೆ ಎಷ್ಟು ಓದಿದ್ದರೂ ಉಪಯೋಗಕ್ಕೆ ಬರುವುದಿಲ್ಲ.

ಮೂಲ ಅರ್ಹತೆ ಸರಳ. ಪರೀಕ್ಷೆ ನಡೆಯುವ ವರ್ಷದ ಆಗಸ್ಟ್ 1ಕ್ಕೆ 21 ವರ್ಷ ತುಂಬಿರಬೇಕು, 32 ತುಂಬಿರಬಾರದು. ಒಬಿಸಿಗೆ 3 ವರ್ಷ, ಎಸ್‌ಸಿ, ಎಸ್‌ಟಿಗೆ 5 ವರ್ಷ ಸಡಿಲಿಕೆ. ಸಾಮಾನ್ಯ ವರ್ಗಕ್ಕೂ ಆರ್ಥಿಕವಾಗಿ ದುರ್ಬಲ ವರ್ಗವಾದ ಇಡಬ್ಲ್ಯುಎಸ್‌ಗೂ 6 ಅವಕಾಶ, ಒಬಿಸಿಗೆ 9. ಎಸ್‌ಸಿ, ಎಸ್‌ಟಿಗೆ ವಯೋಮಿತಿ ಮುಗಿಯುವವರೆಗೂ ಬರೆಯಬಹುದು. ಯಾವುದೇ ಪದವಿ ನಡೆಯುತ್ತದೆ, ಅಂಕದ ಷರತ್ತಿಲ್ಲ, ಕೊನೆಯ ವರ್ಷದಲ್ಲಿ ಓದುತ್ತಿರುವವರೂ ಅರ್ಜಿ ಹಾಕಬಹುದು. ಅರ್ಜಿ ಹಾಕಿ ಹೋಗದಿದ್ದರೆ ಅವಕಾಶ ಉಳಿಯುತ್ತದೆ. ಪ್ರಿಲಿಮ್ಸ್‌ನ (ಮೊದಲ ಹಂತದ ಪರೀಕ್ಷೆ) ಒಂದು ಪತ್ರಿಕೆಗೆ ಕುಳಿತರೂ ಅದು ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ತಯಾರಿಯಿಲ್ಲದೆ 'ನೋಡಿ ಬರೋಣ' ಎಂದು ಹೋಗುವುದು ಒಳ್ಳೆಯದಲ್ಲ.

ಹೆಸರಿನ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅದು ಇನಿಷಿಯಲ್ ಆಗಿ, ಆಧಾರ್‌ನಲ್ಲಿ ಪೂರ್ತಿಯಾಗಿ, ಪದವಿ ಪತ್ರದಲ್ಲಿ ಹೆಸರಿನ ಹಿಂದೆ ಇರುವುದುಂಟು. ಅರ್ಜಿಗೆ ಎಸ್‌ಎಸ್‌ಎಲ್‌ಸಿ ದಾಖಲೆಯೇ ಆಧಾರ, ಜನ್ಮದಿನಾಂಕಕ್ಕೂ ಅದೇ. ಉಳಿದವನ್ನು ಅದಕ್ಕೆ ಹೊಂದುವಂತೆ ಮೊದಲೇ ತಿದ್ದಿಸಿಟ್ಟೆ.

ಹೆಚ್ಚು ಜನ ಸಿಕ್ಕಿಕೊಳ್ಳುವುದು ಮೀಸಲಾತಿ ಪ್ರಮಾಣಪತ್ರದಲ್ಲಿ. ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಎ, 3ಬಿ ಪ್ರಮಾಣಪತ್ರ ಇಲ್ಲಿ ಕೆಲಸಕ್ಕೆ ಬಾರದು. ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿರಬೇಕು, ಪ್ರಮಾಣಪತ್ರ ಕೇಂದ್ರ ಸರ್ಕಾರದ ನಮೂನೆಯಲ್ಲೇ ಇರಬೇಕು. ಕೆನೆಪದರದ (ಒಬಿಸಿಯಲ್ಲಿದ್ದೂ ಮೀಸಲಾತಿ ಸಿಗದ ಸ್ಥಿತಿವಂತರು) ಆದಾಯ ಮಿತಿ ವರ್ಷಕ್ಕೆ ₹8 ಲಕ್ಷ. ಅದರಲ್ಲಿ ಸಂಬಳ ಮತ್ತು ಬೇಸಾಯದ ಆದಾಯ ಸೇರುವುದಿಲ್ಲ. ಇದನ್ನು ನಂಬಿ ಕಾಫಿ ಬೆಳೆಗಾರರ ಮಕ್ಕಳು ನಿಶ್ಚಿಂತೆಯಿಂದಿರುತ್ತಾರೆ. ಆದರೆ 1993ರ ಕೇಂದ್ರ ಆದೇಶ ಕಾಫಿ, ಟೀ, ರಬ್ಬರ್ ತೋಟಗಳನ್ನು ಪ್ರತ್ಯೇಕವಾಗಿಟ್ಟಿದೆ: ಅವುಗಳ ಆದಾಯಕ್ಕೆ ಈ ಆದಾಯ ಮಿತಿ ಅನ್ವಯಿಸುತ್ತದೆ. ಗದ್ದೆಯ ಭತ್ತ ಒಂದು ಲೆಕ್ಕ, ತೋಟದ ಕಾಫಿ ಇನ್ನೊಂದು ಲೆಕ್ಕ.

ಇಡಬ್ಲ್ಯುಎಸ್‌ನ ನಿಯಮ ಇನ್ನೂ ಬಿಗಿ. ಬೇಸಾಯವೂ ಸೇರಿ ಕುಟುಂಬದ ಎಲ್ಲ ಆದಾಯ ₹8 ಲಕ್ಷದ ಒಳಗಿರಬೇಕು. ಕೃಷಿ ಜಮೀನು 5 ಎಕರೆ ಅಥವಾ ಹೆಚ್ಚಿದ್ದರೆ, ಆದಾಯ ಎಷ್ಟೇ ಕಡಿಮೆಯಿರಲಿ, ಅನರ್ಹ. ಬೇರೆ ಬೇರೆ ಊರಿನ ಜಮೀನನ್ನೂ ಕೂಡಿಸಿ ನೋಡುತ್ತಾರೆ. ಜಮ್ಮಾ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಜಮೀನಿನ ಪಹಣಿಯಲ್ಲಿ ಒಕ್ಕದ (ಮನೆತನದ) ಹಲವರ ಹೆಸರು ಒಟ್ಟಿಗಿರುವುದರಿಂದ ತಂದೆಯ ಪಾಲೆಷ್ಟು ಎಂಬುದು ಕಾಗದದಲ್ಲಿ ಕಾಣದೆ ಅರ್ಜಿ ನಾಡಕಚೇರಿಯಲ್ಲೇ ನಿಲ್ಲುತ್ತದೆ. ಪಹಣಿ, ವಂಶವೃಕ್ಷ, ಪಾಲುಪಟ್ಟಿ, ಕಾಫಿ ಮಾರಿದ ಬಿಲ್ಲು ಇಷ್ಟನ್ನೂ ಒಂದೇ ಫೈಲಿನಲ್ಲಿಟ್ಟು ಕೊಡುವುದು ಒಳ್ಳೆಯದು. ಯುಪಿಎಸ್‌ಸಿ ಅರ್ಜಿ ಕರೆಯುವುದು ಸಾಮಾನ್ಯವಾಗಿ ಜನವರಿ, ಫೆಬ್ರುವರಿಯಲ್ಲಿ. ರೋಬಸ್ಟಾ ಕೊಯ್ಲಿನ ದಿನಗಳಲ್ಲಿ ಮನೆಯವರನ್ನು ತಾಲ್ಲೂಕು ಕಚೇರಿಗೆ ಕರೆದೊಯ್ಯುವುದು ಕಷ್ಟ. ಹುತ್ತರಿ ಹಬ್ಬದ (ನವೆಂಬರ್–ಡಿಸೆಂಬರ್) ಒಳಗೆ ಈ ಕೆಲಸ ಮುಗಿದಿರಲಿ. ಪ್ರಮಾಣಪತ್ರದ ದಿನಾಂಕ ಅರ್ಜಿಯ ಕೊನೆಯ ದಿನ ದಾಟಿದರೆ ಮೀಸಲಾತಿ ಸಿಗುವುದಿಲ್ಲ.

ಪ್ರಿಲಿಮ್ಸ್‌ಗೆ ನಮಗೆ ಹತ್ತಿರದ ಕೇಂದ್ರ ಮೈಸೂರು. ಮೊದಲು ಅರ್ಜಿ ಹಾಕಿದವರಿಗೆ ಮೊದಲು ಸಿಗುತ್ತದೆ, ಆದ್ದರಿಂದ ಕೊನೆಯ ವಾರದವರೆಗೆ ಕಾಯಬೇಡಿ. ಬೆಳಿಗ್ಗೆ 9.30ಕ್ಕೆ ಪತ್ರಿಕೆ ಶುರು, ಹಿಂದಿನ ರಾತ್ರಿಯೇ ಮೈಸೂರಿನಲ್ಲಿರುವುದು ಕ್ಷೇಮ. ಮೊದಲ ಪತ್ರಿಕೆಯ 100 ಪ್ರಶ್ನೆಗಳಿಂದಲೇ ಆಯ್ಕೆ. ಎರಡನೆಯದಾದ ಸಿಸ್ಯಾಟ್‌ನಲ್ಲಿ (ಗ್ರಹಿಕೆ, ಗಣಿತ, ತರ್ಕದ ಪತ್ರಿಕೆ) 200ಕ್ಕೆ 66 ಬಂದರೆ ಸಾಕು, ಆದರೆ ಆ 66 ಸುಲಭವಲ್ಲ. ಸರಿಯುತ್ತರಕ್ಕೆ 2.5, ತಪ್ಪಿಗೆ 0.83 ಕಡಿತ. 28 ಸರಿ, 7 ತಪ್ಪಾದರೆ 64.17; ಅಲ್ಲಿಗೆ ಮುಗಿಯಿತು. 30 ಸರಿ, 8 ತಪ್ಪಾದರೆ 68.33. ಹಾಗಾಗಿ 30 ಖಚಿತ ಉತ್ತರ ಸಿಗುವವರೆಗೆ ನಾನು ಊಹೆಗೆ ಕೈಹಾಕುತ್ತಿರಲಿಲ್ಲ. ಪ್ರಶ್ನೆಪತ್ರಿಕೆ ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ.

ಮುಖ್ಯ ಪರೀಕ್ಷೆಗೆ ಬೆಂಗಳೂರಿಗೆ ಹೋಗಬೇಕು. ಅಲ್ಲಿ ಭಾರತೀಯ ಭಾಷಾ ಪತ್ರಿಕೆಯನ್ನು ಹಗುರವಾಗಿ ಕಾಣಬೇಡಿ ಎಂದು ಒತ್ತಿ ಹೇಳುತ್ತೇನೆ. ಕೊಡವ ತಕ್ಕ್, ಅರೆಭಾಷೆ, ತುಳು ಈ ಪತ್ರಿಕೆಗಿರುವ ಭಾಷೆಗಳ ಪಟ್ಟಿಯಾದ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿಲ್ಲ. ಈ ಮನೆಮಾತಿನವರು ಸಾಮಾನ್ಯವಾಗಿ ಕನ್ನಡವನ್ನೇ ಆರಿಸಿಕೊಳ್ಳಬೇಕಾಗುತ್ತದೆ. 300ಕ್ಕೆ 75 ಬೇಕು. ಈ ಅಂಕ ರ‍್ಯಾಂಕಿಗೆ ಸೇರುವುದಿಲ್ಲ, ಆದರೆ ಬಾರದಿದ್ದರೆ ಉಳಿದ ಪತ್ರಿಕೆಗಳ ಅಂಕ ಗಣನೆಗೇ ಬರುವುದಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಇದೇ ಗಂಡಾಂತರ. ಪ್ರಬಂಧ 100, ಗ್ರಹಿಕೆ 60, ಸಂಕ್ಷೇಪ 60, ಅನುವಾದ ಎರಡೂ ಕಡೆಗೆ 20ರಂತೆ, ವ್ಯಾಕರಣ 40. ನಾನು ಪ್ರಬಂಧಕ್ಕೆ 50 ನಿಮಿಷ, ಗ್ರಹಿಕೆಗೆ 35, ಸಂಕ್ಷೇಪಕ್ಕೆ 40, ಅನುವಾದಗಳಿಗೆ 30, ವ್ಯಾಕರಣಕ್ಕೆ 20 ಎಂದು ಹಂಚಿಕೊಂಡಿದ್ದೆ. ಸಂಕ್ಷೇಪ ಮೂಲದ ಮೂರನೇ ಒಂದು ಭಾಗವಿರಬೇಕು, ಮೂಲದ ವಾಕ್ಯ ಎತ್ತಿ ಇಡಬಾರದು. ಅನುವಾದದಲ್ಲಿ ಇಂಗ್ಲಿಷಿನ ಉದ್ದ ವಾಕ್ಯವನ್ನು ಎರಡಾಗಿ ಒಡೆದರೆ ಕನ್ನಡ ಸಹಜವಾಗುತ್ತದೆ.

ಉಳಿದ ಪತ್ರಿಕೆಗಳನ್ನೂ ಕನ್ನಡದಲ್ಲೇ ಬರೆಯಬಹುದು; ಕಡ್ಡಾಯ ಇಂಗ್ಲಿಷ್ ಪತ್ರಿಕೆಯೊಂದು ಬಿಟ್ಟು. ಸಾಮಾನ್ಯ ಅಧ್ಯಯನದ ಮೊದಲ ಮೂರು ಪತ್ರಿಕೆಗಳಲ್ಲಿ ತಲಾ 20 ಪ್ರಶ್ನೆ: 150 ಪದದ ಉತ್ತರಕ್ಕೆ 7 ನಿಮಿಷ, 250 ಪದದ್ದಕ್ಕೆ 11 ನಿಮಿಷ ದಾಟಿದರೆ ಕೊನೆಯ ಪುಟಗಳು ಖಾಲಿ ಉಳಿಯುತ್ತವೆ. ಒತ್ತಕ್ಷರಗಳಿಂದ ಕೈ ನಿಧಾನವಾಗುತ್ತದೆ, ಗಡಿಯಾರ ಇಟ್ಟುಕೊಂಡು ಬರೆದೇ ವೇಗ ಗಳಿಸಬೇಕು.

ಪೊನ್ನಂಪೇಟೆಯ ಅರಣ್ಯ ಕಾಲೇಜಿನವರಿಗೆ ಒಂದು ಮಾತು. ಭಾರತೀಯ ಅರಣ್ಯ ಸೇವೆಗೂ ಇದೇ ಪ್ರಿಲಿಮ್ಸ್, ಆದರೆ ಅದರ ಮುಖ್ಯ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ.

ಸಂದರ್ಶನ ದೆಹಲಿಯ ಧೋಲ್‌ಪುರ್ ಹೌಸ್‌ನಲ್ಲಿ, 275 ಅಂಕಕ್ಕೆ. ಕನ್ನಡದಲ್ಲೂ ಉತ್ತರಿಸಬಹುದು, ದುಭಾಷಿ ಇರುತ್ತಾರೆ. ವಿವರದ ಅರ್ಜಿಯಲ್ಲಿ ಊರು ಕೊಡಗು ಎಂದಿದ್ದರೆ ಪ್ರಶ್ನೆ ಅಲ್ಲಿಂದಲೇ ಹುಟ್ಟಬಹುದು. 2018ರ ಭೂಕುಸಿತ, ಆನೆ-ಮಾನವ ಸಂಘರ್ಷ, ಕಾವೇರಿ ನೀರು, ಜಮ್ಮಾ ಹಿಡುವಳಿದಾರರಿಗಿರುವ ಬಂದೂಕು ಪರವಾನಗಿ ವಿನಾಯಿತಿ, ಇವುಗಳ ಪರ-ವಿರೋಧ ವಾದ ಎರಡನ್ನೂ ಟಿಪ್ಪಣಿ ಮಾಡಿಕೊಂಡು ಹೋಗಿ.